ಹೆಚ್ಚು ಜನ ಕೇಳದ ಆಲ್ಬಂ ಹುಡುಕೋದು ಹೇಗೆ? ಹೊಸದಾಗಿ ಕೇಳಲು ಶುರು ಮಾಡಿದವರಿಗಾಗಿ

ಹೊಸಕಿವಿ_ಡೊಂಬಿವಲಿ

ಎಲ್ಲರಿಗೂ ನಮಸ್ಕಾರ. ಬಿಡಿ ಹಾಡುಗಳನ್ನು ಬಿಟ್ಟು ಪೂರ್ತಿ ಆಲ್ಬಂ ಕೇಳುವ ಅಭ್ಯಾಸ ಮಾಡಿಕೊಳ್ಳಬೇಕೆಂದಿದ್ದೇನೆ. ಆದರೆ ಆ್ಯಪ್‌ನಲ್ಲಿ ಯಾವ ಹೆಸರು ಒತ್ತಿದರೂ ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಜನಪ್ರಿಯ ಹಾಡುಗಳಿಗೆ ಬಂದು ನಿಲ್ಲುತ್ತದೆ. 'ಟಾಪ್ 100' ಪಟ್ಟಿಗಳಲ್ಲೂ ಅವೇ ಹೆಸರು. ಹೆಚ್ಚು ಜನಕ್ಕೆ ಗೊತ್ತಿಲ್ಲದ, ಆದರೆ ಗಟ್ಟಿ ಸರಕಿರುವ ಆಲ್ಬಂ ಸಿಗುವುದು ಹೇಗೆ? ಹಿಂದೂಸ್ತಾನಿ, ಭಾವಗೀತೆ, ಬ್ಯಾಂಡ್, ಜಾಝ್ ಯಾವುದಾದರೂ ಸರಿ. ಕೇಳುವ ಹೊತ್ತು ಲೋಕಲ್ ಟ್ರೈನಿನಲ್ಲಿ ಹೋಗಿಬರುವಾಗ, ಮತ್ತೆ ರಾತ್ರಿ ಊಟವಾದ ಮೇಲೆ ಒಂದು ಗಂಟೆ. ಪಟ್ಟಿ ಬೇಡ, ದಾರಿ ಹೇಳಿ.

ಮಾಟುಂಗಾ_ಎಲ್‌ಪಿ

ಮೊದಲು ಆ್ಯಪ್ ಸರಿ ಮಾಡಿಕೊಳ್ಳಿ, ಆಮೇಲೆ ಹುಡುಕಾಟ.

ಸೆಟ್ಟಿಂಗ್ಸ್‌ನಲ್ಲಿ ಪ್ಲೇಬ್ಯಾಕ್ ಭಾಗಕ್ಕೆ ಹೋಗಿ ಆಟೋಪ್ಲೇ ಬಂದ್ ಮಾಡಿ. ಆಲ್ಬಂ ಮುಗಿದ ಮೇಲೆ ತಾನಾಗಿ ಬೇರೆ ಹಾಡು ಹಚ್ಚುವುದು ಇದೇ. ಎಲ್ಲರೂ ಹೆಚ್ಚು ಒತ್ತಿದ ಹಾಡುಗಳ ಕಡೆಗೆ ನಿಮ್ಮನ್ನು ಎಳೆಯುವುದೂ ಇದೇ. ಎರಡನೆಯದು ಶಫಲ್: ಹಾಡಿನ ಕ್ರಮ ಕಲೆಸುತ್ತದೆ, ಅದನ್ನೂ ಬಂದ್ ಮಾಡಿ. ಮೂರನೆಯದು ಕ್ರಾಸ್‌ಫೇಡ್: ಒಂದು ಹಾಡಿನ ಬಾಲ, ಇನ್ನೊಂದರ ತಲೆ ಕಲೆಸಿಬಿಡುತ್ತದೆ, ಅದನ್ನು ಸೊನ್ನೆಗೆ ಇಳಿಸಿ. ಗ್ಯಾಪ್‌ಲೆಸ್ (ಟ್ರ್ಯಾಕುಗಳ ನಡುವೆ ಖಾಲಿ ಬಿಡದ ಆಯ್ಕೆ) ಮಾತ್ರ ಹಚ್ಚಿಡಿ. ಬಿಲಂಪತ್ (ನಿಧಾನ ಗತಿ), ದ್ರುತ್ (ವೇಗದ ಗತಿ) ಎರಡನ್ನೂ ಬೇರೆ ಬೇರೆ ಟ್ರ್ಯಾಕ್ ಮಾಡಿ ಹಾಕಿರುವ ಆಲ್ಬಂಗಳಲ್ಲಿ ಅದಿಲ್ಲದಿದ್ದರೆ ನಡುವೆ ತಾಳ ಕಡಿದ ಹಾಗೆ ಕೇಳುತ್ತದೆ. ಉಚಿತ ಆವೃತ್ತಿಯಲ್ಲಿ ಹಾಡುಗಳು ಕ್ರಮವಾಗಿ ಬಾರದಿದ್ದರೆ ಆಲ್ಬಂ ಕೇಳಲು ಅದು ಕೆಲಸಕ್ಕೆ ಬಾರದು. ಬೇರೆ ಸೇವೆ ನೋಡಿ, ಇಲ್ಲವೇ ಫೈಲ್ ಇಳಿಸಿಕೊಂಡು ಕೇಳಿ.

ಫೈಲಿನ ಗಾತ್ರದ ಲೆಕ್ಕ ಇಷ್ಟೇ. 320 ಕೆಬಿಪಿಎಸ್ ಎಂಪಿ3 ಅಂದರೆ ನಿಮಿಷಕ್ಕೆ 2.4 ಎಂಬಿ, 40 ನಿಮಿಷದ ಆಲ್ಬಂಗೆ ನೂರು ಎಂಬಿಯ ಒಳಗೆ. ಫ್ಲ್ಯಾಕ್ (ದನಿಯಲ್ಲಿ ಏನೂ ಕಳೆಯದ ಫೈಲು) ಆದರೆ ಅದರ ಎರಡು–ಮೂರು ಪಟ್ಟು. ಟ್ರೈನಿನಲ್ಲಿ ಕೇಳಲು ಎಂಪಿ3 ಧಾರಾಳ ಸಾಕು.

ಇನ್ನು ಪ್ರಮಾಣ. ವಾರಕ್ಕೆ ಎರಡು ಹೊಸ ಆಲ್ಬಂ, ಅದಕ್ಕಿಂತ ಹೆಚ್ಚು ಬೇಡ. ಒಂದೊಂದನ್ನೂ ಮೂರು ಸಲ ಕೇಳಿ. ಮೊದಲ ಸಲ ಏನನ್ನೂ ಓದದೆ, ನಡುವೆ ನಿಲ್ಲಿಸದೆ. ಎರಡನೆಯ ಸಲ ಯಾರು ಹಾಡಿದ್ದು, ಯಾರು ನುಡಿಸಿದ್ದು, ಯಾವ ವರ್ಷ, ಯಾವ ಕಂಪನಿ ಎಲ್ಲ ಓದಿಕೊಂಡು. ಮೂರನೆಯದು ನಾಲ್ಕೈದು ದಿನ ಬಿಟ್ಟು. ಹೊಸಬರು ಸೋಲುವುದು ಆಲ್ಬಂ ಸಿಗದೆ ಅಲ್ಲ, ಸಿಕ್ಕಿದ್ದನ್ನೆಲ್ಲ ಒಂದೇ ಸಲ ಸೇವ್ ಮಾಡಿಕೊಂಡು ಯಾವುದನ್ನೂ ಎರಡನೆಯ ಸಲ ಕೇಳದೆ.

ಧಾರವಾಡ_ಟು_ಪುಣೆ

ಪಟ್ಟಿ ಬ್ಯಾಡ ಅಂದ್ರಲ್ಲಾ, ಭಾಳ ಛಲೋ ಆತು. ಪಟ್ಟಿ ಮುಗೀತದ, ಎಳಿ ಮುಗಿಯಂಗಿಲ್ಲ. ಎಳಿ ಅಂದ್ರ ಏನಂತ ಒಂದು ಉದಾಹರಣಿ ಹಿಡದು ಹೇಳತೇನಿ.

ಭೀಮಸೇನ ಜೋಶಿಯವರಿಂದ ಶುರು ಮಾಡ್ರಿ. ಅವರ ಹೆಸರು ಎಲ್ಲಾರಿಗೂ ಗೊತ್ತದ. ಆದ್ರ ಅವರ ಹಿಂದ ಯಾರು, ಬಾಜೂಕ ಯಾರು ಅಂತ ನೋಡೋರು ಕಡಿಮಿ. ಹಿಂದ ಹೋದ್ರ ಗುರುಗಳು, ಕುಂದಗೋಳದ ಸವಾಯಿ ಗಂಧರ್ವರು. ಪುಣೆಯೊಳಗ 1953ರಿಂದ ನಡಕೋತ ಬಂದ ಡಿಸೆಂಬರ್ ಮಹೋತ್ಸವ ಅವರ ಹೆಸರಿಂದs. ಅವರ ಗುರುಗಳು ಅಬ್ದುಲ್ ಕರೀಂ ಖಾನ್ ಸಾಹೇಬರು, 1937ರಾಗ ತೀರಿಕೊಂಡವರು. ಇವರಿಬ್ಬರದೂ ಸಿಗೋದು ಹೆಚ್ಚಾಗಿ 78ರ ಪ್ಲೇಟು (ನಿಮಿಷಕ್ಕ 78 ಸುತ್ತು ತಿರಗೋ ಹಳೇ ಗ್ರಾಮಫೋನ್ ತಟ್ಟಿ), ಒಂದು ಮಗ್ಗಲಕ್ಕ ಮೂರು, ಮೂರೂವರಿ ನಿಮಿಷ. ಹನ್ನೊಂದು ವರ್ಷದ ಭೀಮಸೇನ ಗುರುವನ್ನ ಹುಡುಕಿಕೊಂಡು ಮನಿ ಬಿಟ್ಟದ್ದು ಖಾನ್ ಸಾಹೇಬರ ಝಿಂಝೋಟಿ ಠುಮ್ರಿ ಪ್ಲೇಟು ಕೇಳಿ. ಆ ಮೂರು ನಿಮಿಷ ಇವತ್ತೂ ಸಿಗತದ, ಕೇಳ್ರಿ.

ಬಾಜೂಕ ಹೋದ್ರ ಅದೇ ಗುರುವಿನ ಶಿಷ್ಯರು ಗಂಗೂಬಾಯಿ ಹಾನಗಲ್ಲರು, ಮುಂಬೈಯ ಫಿರೋಜ್ ದಸ್ತೂರರು. ದಸ್ತೂರರನ್ನ ಹೊಸಬರು ಕೇಳೂದs ಇಲ್ಲ. ದನಿ ಖಾನ್ ಸಾಹೇಬರ ಕಡೆ ವಾಲತದ, ಸಣ್ಣಗ, ಸಾವಕಾಶ. ಖಾನ್ ಸಾಹೇಬರ ಮಗಳು ಹೀರಾಬಾಯಿ ಬಡೋದೇಕರರು ಇನ್ನೊಂದು ಕೊಂಡಿ. ಈಗ ಶುದ್ಧ ಕಲ್ಯಾಣ ಇಲ್ಲಾ ಮುಲ್ತಾನಿಯಂಥ ಒಂದs ರಾಗ ಹಿಡಕೊಂಡು ಈ ಮಂದಿ ಹೆಂಗ ಹಾಡ್ಯಾರ ಅಂತ ಸಾಲಾಗಿ ಕೇಳ್ರಿ. ಯಾವ ಶಿಫಾರಸೂ ಬ್ಯಾಡಾಗತದ.

ಇನ್ನ ಸಾಥ್, ಅಂದ್ರ ಪಕ್ಕವಾದ್ಯ. ಹೊದಿಕಿ ಮ್ಯಾಲೆ ಸಣ್ಣ ಅಕ್ಷರದಾಗ ತಬಲಾ ಯಾರು, ಪೇಟಿ (ಹಾರ್ಮೋನಿಯಂ) ಯಾರು ಅಂತ ಬರದಿರತದ. ಪೇಟಿಗೆ ಅಪ್ಪಾ ಜಳಗಾಂವಕರ್ ಅಂತ ಕಂಡ್ರ ಅವರು ಮತ್ತ ಯಾರ್ಯಾರಿಗೆ ಸಾಥ್ ಕೊಟ್ಟಾರ ಅಂತ ಹುಡುಕ್ರಿ. ತುಳಸಿದಾಸ ಬೋರಕರ್ ಅಂತ ಕಂಡ್ರ ಅವರ ಗುರು ಪಿ. ಮಧುಕರ್ ತನಕ ಹೋಗ್ರಿ, ಬರೇ ಪೇಟಿ ನುಡಿಸಿದ ಪ್ಲೇಟು ಸಿಗತಾವ. ಕುಮಾರ ಗಂಧರ್ವರ ಹಿಂದ ವಸಂತರಾವ್ ಆಚರೇಕರರ ತಬಲಾ ಹೆಂಗ ಬರೇ ಠೇಕಾ (ತಾಳದ ಮೂಲ ಬಡಿತ) ಹಿಡಕೊಂಡು ಕುಂತದ ಅನ್ನೋದನ್ನ ಒಮ್ಮೆ ಲಕ್ಷ್ಯಗೊಟ್ಟು ಕೇಳಿದ್ರ, ಮುಂದ ತಬಲಾ ನೋಡಿ ಆಲ್ಬಂ ಆರಿಸೋ ಚಟ ಹತ್ತತದ.

ಕುರ್ಲಾ_ಕರಾವಳಿ

ಧಾರವಾಡದವರು ಹೇಳಿದ್ದು ಸರಿಯೇ, ಆದರೆ ಹೊಸಬರಿಗೆ ಸೀದಾ 78ರ ಪ್ಲೇಟಿನ ಚರಚರ ಶಬ್ದ ಕೇಳಿಸಿದರೆ ಮಾರನೇ ದಿನ ಯಾರೂ ಆ ಕಡೆ ತಲೆ ಹಾಕುವುದಿಲ್ಲ ಮಾರಾಯ್ರೆ. ಮತ್ತೆ ಎಲ್ಲರೂ ಹಿಂದೂಸ್ತಾನಿ ಖಯಾಲಿನಿಂದಲೇ ಶುರು ಮಾಡಬೇಕು ಅಂತ ಎಲ್ಲಿ ಉಂಟು?

ಮುಂಬೈಯಲ್ಲಿದ್ದವರಿಗೆ ಬೇರೆ ಒಂದು ಗಣಿ ಉಂಟು: ಸಿನಿಮಾ ಆರ್ಕೆಸ್ಟ್ರಾದವರು ತಮ್ಮದೇ ಹೆಸರಲ್ಲಿ ತಂದ ಆಲ್ಬಂ. ಸ್ಟುಡಿಯೋದಲ್ಲಿ ಇಡೀ ಜೀವನ ನುಡಿಸಿದವರ ಹೆಸರು ಸಿನಿಮಾ ತಟ್ಟೆಯ ಮೇಲೆ ಬರುತ್ತಿರಲಿಲ್ಲ. ಆದರೆ ಅವರ ಸ್ವಂತ ತಟ್ಟೆಯಲ್ಲಿ ಬರ್ತದೆ. ಎಲೆಕ್ಟ್ರಿಕ್ ಗಿಟಾರಿನ ವ್ಯಾನ್ ಶಿಪ್ಲೆ, ಹವಾಯನ್ ಗಿಟಾರಿನ ಹಜಾರಾ ಸಿಂಗ್, ಅಕಾರ್ಡಿಯನ್ನಿನ ಪುಣೆಯ ಇನಾಕ್ ಡೇನಿಯಲ್ಸ್. ಗೊತ್ತಿರುವ ಹಾಡಿನ ಧಾಟಿಯೇ ಆದ್ದರಿಂದ ಹೊಸ ಕಿವಿಗೆ ದಾರಿ ತಪ್ಪುವುದಿಲ್ಲ. ಮಾತು ಇಲ್ಲದ್ದರಿಂದ ವಾದ್ಯ ಏನು ಮಾಡ್ತಾ ಉಂಟು ಅಂತ ಚೆಂದ ಕೇಳ್ತದೆ.

ಇದೇ ಸಾಲಿನಲ್ಲಿ ಚರಣ್‌ಜಿತ್ ಸಿಂಗ್. ಮುಂಬೈ ಸ್ಟುಡಿಯೋಗಳ ವಾದ್ಯಗಾರ. 1982ರಲ್ಲಿ ರೋಲ್ಯಾಂಡ್ ಕಂಪನಿಯ ಮೂರು ಎಲೆಕ್ಟ್ರಾನಿಕ್ ವಾದ್ಯಯಂತ್ರ ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ಬೀಟಿಗೆ ಕೂಡಿಸಿ ಒಂದು ಎಲ್‌ಪಿ (ಹೆಚ್ಚು ಹೊತ್ತು ಓಡುವ ವಿನೈಲ್ ತಟ್ಟೆ) ಮಾಡಿದರು. ಆಗ ಯಾರೂ ಕೇಳಲಿಲ್ಲ. 2010ರಲ್ಲಿ ಒಂದು ಡಚ್ ಲೇಬಲ್ ಅದನ್ನು ಮರುಮುದ್ರಣ ಮಾಡಿದ ಮೇಲೆ ಜಗತ್ತಿಗೆಲ್ಲ ಗೊತ್ತಾಯ್ತು. ಇದರಿಂದ ಒಂದು ದಾರಿ ಸಿಗ್ತದೆ: ಹಳೆಯದನ್ನು ಹುಡುಕಿ ಮರುಮುದ್ರಣ ಮಾಡುವ ಸಣ್ಣ ಲೇಬಲ್‌ಗಳ ಪಟ್ಟಿ ನೋಡುವುದು. ಅವರು ದುಡ್ಡು ಹಾಕಿ, ಹಕ್ಕು ಕೇಳಿ, ಟೇಪು ಹುಡುಕಿ ಹೊರಗೆ ತಂದದ್ದು ಅಂದರೆ ಅರ್ಧ ಜರಡಿ ಹಿಡಿದು ಆಗಿದೆ.

ಗೋವಾ ಮೂಲದವರ ಜಾಝ್ ಇನ್ನೊಂದು ಗಣಿ. ಅಮಾನ್ಸಿಯೊ ಡಿಸಿಲ್ವ ಹುಟ್ಟಿದ್ದು ಇಲ್ಲಿ ಬಾಂಬೆಯಲ್ಲಿ, 1936. ಲಂಡನ್ನಿಗೆ ಹೋಗಿ 1969ರಲ್ಲಿ 'ಇಂಟಿಗ್ರೇಶನ್' ತಂದರು. ಅದೇ ವರ್ಷ ಜಮೈಕಾದ ಸ್ಯಾಕ್ಸೊಫೋನ್ ವಾದಕ ಜೋ ಹ್ಯಾರಿಯಟ್ ಜೊತೆ 'ಹಮ್ ದೋನೋ'. 1972ರಲ್ಲಿ ಮುದ್ರಿಸಿದ 'ಕೊಂಕಣ್ ಡ್ಯಾನ್ಸ್' ಹೊರಗೆ ಬಂದದ್ದು 2006ಕ್ಕೆ! ಈ ಮೂರನ್ನು ಮುದ್ರಿಸಿದ ಕ್ರಮದಲ್ಲಿ ಕೇಳಬೇಕು, ಆಗ ಗಿಟಾರು ನಿಧಾನಕ್ಕೆ ಎಲ್ಲಿಗೆ ಹೋಗ್ತಾ ಉಂಟು ಅಂತ ಗೊತ್ತಾಗ್ತದೆ.

ಧಾರವಾಡ_ಟು_ಪುಣೆ

ಕುರ್ಲಾದವರ, ಚರಚರ ಶಬ್ದಕ್ಕ ಔಷಧ ಅದ ರೀ. 78 ಕೇಳೂಮುಂದ ಇಯರ್‌ಫೋನ್ ಬ್ಯಾಡ, ಸ್ಪೀಕರ್ ಹಚ್ಚಿ ನಾಲ್ಕ ಮಾರು ದೂರ ಕುಂಡ್ರಬೇಕು. ಈಕ್ವಲೈಜರ್‌ನ್ಯಾಗ 8 ಕಿಲೋಹರ್ಟ್ಸ್ ಮ್ಯಾಲಿಂದು ಪೂರಾ ಇಳಸ್ರಿ. ಆ ಕಾಲದ ಮುದ್ರಣದಾಗ ಅಷ್ಟು ಮ್ಯಾಲೆ ಸಂಗೀತ ಇರೂದು ಭಾಳ ಕಡಿಮಿ, ಇರೋದು ಬರೇ ಗೀರಿನ ಸದ್ದು. ದನಿ ಹಂಗs ಉಳೀತದ.

ಇನ್ನೊಂದು ಎಚ್ಚರಿಕಿ. ನೆಟ್ಟಿನ್ಯಾಗ ಹಾಕಿದ ಎಷ್ಟೋ 78ಗಳು ತಪ್ಪು ವೇಗದಾಗ ಇರತಾವ. ದನಿ ತೀರ ಕೀಚಲ ಆಗಿ, ತಾನ ಮಷೀನಿನಂಗ ಓಡಿದ್ರ ಹಾಡಿದವರದು ತಪ್ಪಲ್ಲ, ಹಾಕಿದವರದು. ಅದೇ ಪ್ಲೇಟಿಂದು ಇನ್ನೊಂದು ಪ್ರತಿ ಹುಡುಕಿ ಹೋಲಿಸಿ ನೋಡ್ರಿ.

ಹೊಸಬರಿಗೆ ನಾ ಹೇಳೂ ಕ್ರಮ ಇದು: ಒಬ್ಬರದೇ ಒಂದೇ ರಾಗ, ಮೊದಲ ಮೂರು ನಿಮಿಷದ್ದು, ಆಮ್ಯಾಲೆ ಎಲ್‌ಪಿಯ ಇಪ್ಪತ್ತು ನಿಮಿಷದ್ದು, ಕಡೀಕ ಕಛೇರಿಯ ಒಂದು ತಾಸಿಂದು. ಮೂರು ನಿಮಿಷದಾಗ ರಾಗದ ಮಾರಿ ಕಾಣತದ. ಇಪ್ಪತ್ತರಾಗ ಅದು ಹೆಂಗ ಬೆಳೀತದ ಅನ್ನೋದು. ತಾಸಿನ್ಯಾಗ ಹಾಡೋರು ಎಲ್ಲಿ ನಿಂತು ವಿಚಾರ ಮಾಡ್ಯಾರ ಅನ್ನೋದು. ಬಿಲಂಪತ್ ಏಕತಾಲ ಹನ್ನೆರಡ ಮಾತ್ರಿದ್ದು, ಭಾಳ ಸಾವಕಾಶ ಇದ್ರ ಒಂದು ಆವರ್ತನ ಒಂದು ನಿಮಿಷದ ಹತ್ತರ ಹತ್ತರ ಹೋಗತದ. ಹೊಸಬರಿಗೆ ಬ್ಯಾಸರ ಆಗೂದು ಅಲ್ಲೇ, ಯಾಕಂದ್ರ ಸಮ್ (ಆವರ್ತನದ ಮೊದಲನೇ ಮಾತ್ರಿ) ಎಲ್ಲಿ ಅಂತ ಗೊತ್ತಾಗಂಗಿಲ್ಲ. ಬಂದಿಶಿನ ಮುಖಡಾ (ಹಾಡಿನ ಮೊದಲ ಸಾಲಿನ ತುಣುಕು) ಯಾವ ಅಕ್ಷರದ ಮ್ಯಾಲೆ ಬಂದು ಬೀಳತದ ಅಂತ ಒಂದನ್ನ ಅಷ್ಟೇ ಹಿಡಕೊಂಡು ಕುಂಡ್ರಿ, ಎರಡ ಮೂರ ಆವರ್ತನದಾಗ ಕಾಲು ತಾನs ಸಮ್‌ಗೆ ಬೀಳತದ.

ಹೊಸಕಿವಿ_ಡೊಂಬಿವಲಿ

ಇಬ್ಬರಿಗೂ ಧನ್ಯವಾದ. ಇನ್ನೊಂದು ತೊಡಕು. ಮಲ್ಲಿಕಾರ್ಜುನ ಮನ್ಸೂರ್ ಅಂತ ಹುಡುಕಿದರೆ ಒಂದೇ ರಾಗ, ಒಂದೇ ಅವಧಿ, ಆದರೆ ನಾಲ್ಕೈದು ಬೇರೆ ಬೇರೆ ಹೊದಿಕೆಯ ಆಲ್ಬಂ ಬರುತ್ತವೆ. ವರ್ಷವೂ ಬೇರೆ ಬೇರೆ. ಅಸಲಿ ಯಾವುದೆಂದು ತಿಳಿಯುವುದು ಹೇಗೆ?

ಠಾಣೆ_ಕ್ಯಾಟಲಾಗ್

ಹೊಸಕಿವಿಯವರೇ, ಆ್ಯಪ್ ತೋರಿಸುವ ವರ್ಷವನ್ನು ನಂಬಲೇಬೇಡಿ. ಬಹಳ ಸಲ ಅದು ಡಿಜಿಟಲ್ ಆಗಿ ಏರಿಸಿದ ವರ್ಷ, ಹಾಡಿದ ವರ್ಷವಲ್ಲ. 1960ರ ದಶಕದ ಎಲ್‌ಪಿಯ ಮುಂದೆ 2005 ಎಂದು ಬರೆದಿರುತ್ತದೆ. ಹಳೆಯ ಎರಡು ಎಲ್‌ಪಿ ಒಡೆದು, ಒಂದೊಂದು ಮಗ್ಗುಲು ತೆಗೆದು ಹೊಸ ಹೆಸರಿನ ಸಂಕಲನ ಮಾಡುವುದೂ ಮಾಮೂಲು. ಹಾಗಾಗಿ ಮಾಡಬೇಕಾದ್ದು ಹೀಗೆ.

ಟ್ರ್ಯಾಕಿನ ಅವಧಿಯನ್ನು ಸೆಕೆಂಡು ಸಮೇತ ಬರೆದುಕೊಳ್ಳಿ. ಎರಡು ಆಲ್ಬಂಗಳಲ್ಲಿ ಅದೇ ರಾಗ, ಅವಧಿಯಲ್ಲಿ ನಾಲ್ಕೈದು ಸೆಕೆಂಡು ವ್ಯತ್ಯಾಸವಷ್ಟೇ ಇದ್ದರೆ ಅದು ಬಹುಮಟ್ಟಿಗೆ ಒಂದೇ ಮುದ್ರಣ. ಮೊದಲ ಆಲಾಪದ ಅರ್ಧ ನಿಮಿಷ ಎರಡನ್ನೂ ಕೇಳಿದರೆ ಖಚಿತವಾಗುತ್ತದೆ. ಆಮೇಲೆ ಡಿಸ್ಕಾಗ್ಸ್‌ಗೆ (ತಟ್ಟೆ, ಕ್ಯಾಸೆಟ್ಟುಗಳ ವಿವರ ದಾಖಲಿಸುವ ತಾಣ) ಹೋಗಿ. ಕಲಾವಿದರ ಹೆಸರು ಒತ್ತಿ, ದೇಶ ಭಾರತ, ಸ್ವರೂಪ ವಿನೈಲ್ ಎಂದು ಸೋಸಿ. 'ಮಾಸ್ಟರ್' ಅಂದರೆ ಆ ಕೃತಿಯ ಎಲ್ಲ ಮುದ್ರಣಗಳನ್ನು ಒಟ್ಟು ಮಾಡಿದ ಪುಟ. 'ರಿಲೀಸ್' ಅಂದರೆ ಒಂದು ನಿರ್ದಿಷ್ಟ ಮುದ್ರಣ. ಮಾಸ್ಟರ್ ಪುಟದಲ್ಲಿ ಎಲ್ಲಕ್ಕಿಂತ ಹಳೆಯ ಭಾರತೀಯ ಮುದ್ರಣ ತೆರೆದು ಹಿಂಬದಿ ಹೊದಿಕೆಯ ಫೋಟೋ ಓದಿ. ಸಾಥ್ ಕೊಟ್ಟವರ ಹೆಸರು, ಟಿಪ್ಪಣಿ ಎಲ್ಲ ಇರುವುದು ಅಲ್ಲಿ. ಆ್ಯಪ್‌ನ ಕ್ರೆಡಿಟ್ಸ್‌ನಲ್ಲಿ ಇದರ ಕಾಲು ಭಾಗವೂ ಇರುವುದಿಲ್ಲ.

ಈಗ ನನಗೆ ಎಲ್ಲಕ್ಕಿಂತ ಪ್ರಿಯವಾದ ವಿಧಾನ: ಕ್ಯಾಟಲಾಗ್ ಸಂಖ್ಯೆ. ಎಚ್‌ಎಂವಿ ಎಲ್‌ಪಿಯ ಬೆನ್ನಿನ ಮೇಲೆ ಇಸಿಎಲ್‌ಪಿ ಎಂದಿದ್ದರೆ ಮೋನೋ, ಇಸಿಎಸ್‌ಡಿ ಎಂದಿದ್ದರೆ ಸ್ಟೀರಿಯೋ. ಪಾಲಿಡೋರ್‌ನ ಭಾರತೀಯ ಎಲ್‌ಪಿಗಳಲ್ಲಿ ಎಷ್ಟೋ 2392ರಿಂದ ಶುರುವಾಗುತ್ತವೆ. ನಿಮಗೆ ಹಿಡಿಸಿದ ಎಲ್‌ಪಿಯ ಸಂಖ್ಯೆ ತೆಗೆದುಕೊಂಡು, ಅದರ ಹಿಂದಿನ ಹತ್ತು, ಮುಂದಿನ ಹತ್ತು ಸಂಖ್ಯೆಗಳನ್ನು ಹುಡುಕಿ. ಒಂದೇ ಕಂಪನಿ ಹೆಚ್ಚುಕಡಿಮೆ ಅದೇ ಕಾಲದಲ್ಲಿ ಏನೇನು ತಂದಿತು ಎಂಬುದು ಸಾಲಾಗಿ ಕಾಣುತ್ತದೆ. ಅದರಲ್ಲಿ ಒಂದೆರಡು ದೊಡ್ಡ ಹೆಸರು, ಉಳಿದವು ಯಾರೂ ಮಾತಾಡದವು. ನಿಮಗೆ ಬೇಕಾದದ್ದು ಆ ಉಳಿದವು.

ಹೆಸರಿನ ಸ್ಪೆಲ್ಲಿಂಗ್ ಇನ್ನೊಂದು ಗೋಡೆ. ಮನ್ಸೂರ್ ಎಂಬುದಕ್ಕೆ ಒಂದು ಕಡೆ ಯು, ಇನ್ನೊಂದು ಕಡೆ ಎರಡು ಓ. ಬಸವರಾಜದಲ್ಲಿ ನಡುವಿನ ಎ ಇದ್ದರೆ ಒಂದು ಫಲಿತಾಂಶ, ಇಲ್ಲದಿದ್ದರೆ ಬೇರೆ. ಬಿಹಾಗಡಾ ರಾಗಕ್ಕೆ ಡಿ ಹಾಕಿದವರೂ ಇದ್ದಾರೆ, ಆರ್ ಹಾಕಿದವರೂ ಇದ್ದಾರೆ. ನಾಗರಿ ಲಿಪಿಯಲ್ಲಿ, ಕನ್ನಡದಲ್ಲಿ, ಇಂಗ್ಲಿಷಿನ ಎರಡು ಮೂರು ರೂಪದಲ್ಲಿ ಹುಡುಕಿ ನೋಡಿದ ಮೇಲೆ ಮಾತ್ರ 'ಸಿಗಲಿಲ್ಲ' ಎನ್ನಿ.

ಮನ್ಸೂರರ ಮಾತು ಬಂದಿದ್ದರಿಂದ: ಅವರದು ಜೈಪುರ–ಅತ್ರೌಲಿ ಘರಾನಾ (ಗಾಯನ ಪರಂಪರೆ), ಕಲಿತದ್ದು ಮಂಜೀ ಖಾನ್, ಬುರ್ಜೀ ಖಾನ್ ಅವರಲ್ಲಿ. ಅಪರೂಪದ ರಾಗಗಳೇ ಇವರಲ್ಲಿ ಹುಡುಕುವ ದಾರಿ. ಶಿವಮತ ಭೈರವ, ಬಹಾದುರಿ ತೋಡಿ, ಏಕ ನಿಷಾದ ಬಿಹಾಗಡಾ, ಯಮನಿ ಬಿಲಾವಲ್. ಈ ರಾಗದ ಹೆಸರನ್ನೇ ಹುಡುಕುಪೆಟ್ಟಿಗೆಗೆ ಹಾಕಿದರೆ ಅದನ್ನು ಹಾಡಿರುವ ಬೆರಳೆಣಿಕೆಯ ಮಂದಿ ತಾವಾಗಿಯೇ ಎದುರು ಬರುತ್ತಾರೆ. ಯಮನ್ ಎಂದು ಹಾಕಿದರೆ ಸಾವಿರ ಬಂದು ನೀವು ಮುಳುಗುತ್ತೀರಿ.

ಮಡಗಾಂವ್_ಕೇಳುಗ

ಠಾಣೆಯ ಅಕ್ಕ ಜೈಪುರದ ಎಳೆ ಎತ್ತಿದ್ದು ಒಳ್ಳೆಯದಾಯಿತು, ಅದರ ಬೇರು ಅರ್ಧ ಗೋವಾದಲ್ಲಿದೆ. ಕೇರಿ ಊರಿನ ಕೇಸರ್‌ಬಾಯಿ ಕೇರ್ಕರ್, ಕುರ್ಡಿಯ ಮೋಗುಬಾಯಿ ಕುರ್ಡಿಕರ್ ಇಬ್ಬರೂ ಆ ಘರಾನಾ ಕಟ್ಟಿದ ಅಲ್ಲಾದಿಯಾ ಖಾನರ ಶಿಷ್ಯೆಯರು. ಕೇಸರ್‌ಬಾಯಿಯವರ ಭೈರವಿ 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಯ ಚಿನ್ನದ ತಟ್ಟೆಯಲ್ಲಿ ಹೋಯಿತು, ಆದ್ದರಿಂದ ಆ ಮೂರೂವರೆ ನಿಮಿಷ ಎಲ್ಲರಿಗೂ ಗೊತ್ತು, ಉಳಿದ ಮುದ್ರಣಗಳು ಯಾರಿಗೂ ಗೊತ್ತಿಲ್ಲ. ಮೋಗುಬಾಯಿಯವರದು ಇನ್ನೂ ಕಡಿಮೆ ಸಿಗುತ್ತದೆ. ಕಿಶೋರಿ ಆಮೋಣ್ಕರರನ್ನು ಕೇಳಿ ಇಷ್ಟಪಟ್ಟವರು ತಾಯಿಯನ್ನು ಕೇಳದೆ ಬಿಡಬಾರದು. ಲಯ ಹಿಡಿಯುವ ರೀತಿ ಎಲ್ಲಿಂದ ಬಂತು, ಮಗಳು ಎಲ್ಲಿ ಅದನ್ನು ಬಿಟ್ಟು ನಡೆದರು ಎರಡೂ ತಿಳಿಯುತ್ತದೆ.

ಬೇರೆ ಬಗೆಯದು ಬೇಕಾದರೆ ರೆಮೋ ಫರ್ನಾಂಡಿಸರ 'ಗೋವನ್ ಕ್ರೇಜಿ', 1984. ಸಿಯೋಲಿಮ್‌ನ ಮನೆಯಲ್ಲಿ ನಾಲ್ಕು ಟ್ರ್ಯಾಕಿನ ಮೆಷಿನ್ ಮೇಲೆ ತಾವೇ ಮುದ್ರಿಸಿ, ಕ್ಯಾಸೆಟ್ಟನ್ನು ತಾವೇ ಅಂಗಡಿಗಳಿಗೆ ಹಂಚಿದ್ದು. ನಾಲ್ಕು ಟ್ರ್ಯಾಕ್ ಅಂದರೆ ಐದನೆಯ ವಾದ್ಯ ಬೇಕಾದರೆ ಮೊದಲಿನ ಎರಡು ಮೂರನ್ನು ಸೇರಿಸಿ ಒಂದಕ್ಕೆ ಇಳಿಸಬೇಕು, ಇಳಿಸಿದಷ್ಟೂ ಸದ್ದು ಮಂಕಾಗುತ್ತದೆ. ಇದು ಗೊತ್ತಿದ್ದು ಕೇಳಿದರೆ ಆ ಕಾಲದ ಮನೆಮುದ್ರಣಗಳ ಸ್ವಭಾವ ಅರ್ಥವಾಗುತ್ತದೆ.

ಕೊಂಕಣಿಯಲ್ಲಿ ಕ್ರಿಸ್ ಪೆರ್ರಿ, ಲೋರ್ನಾ ಜೋಡಿಯಿಂದ ಹೊರಟು ಆಲ್ಫ್ರೆಡ್ ರೋಸ್ ಕಡೆಗೆ ಹೋಗಿ. ಹಿಂದೆ ನುಡಿಸಿದ ಗೋವಾದ ವಾದ್ಯಗಾರರಲ್ಲಿ ಬಹಳ ಜನ ಬಾಂಬೆಯ ಸಿನಿಮಾ ಆರ್ಕೆಸ್ಟ್ರಾಗಳಲ್ಲೂ ಇದ್ದವರು, ಆದ್ದರಿಂದ ಕುರ್ಲಾದವರು ಹೇಳಿದ ಗಣಿಗೇ ಇದು ಇನ್ನೊಂದು ಬಾಗಿಲು.

ಪಿಂಪ್ರಿ_ರಾಕ್

ಹೊಸ ಬ್ಯಾಂಡುಗಳಿಗೆ ಇಷ್ಟೆಲ್ಲ ಕಷ್ಟವಿಲ್ಲ. ಕಲಾವಿದರೇ ಆಲ್ಬಂ ಮಾರುವ ತಾಣ ಬ್ಯಾಂಡ್‌ಕ್ಯಾಂಪ್ ತೆರೆದು ಊರಿನ ಹೆಸರನ್ನೇ ಟ್ಯಾಗ್ ಆಗಿ ಹುಡುಕಿ: ಮುಂಬೈ, ಪುಣೆ, ಗೋವಾ. ಹೊಸದು ಮೊದಲು ಬರುವ ಹಾಗೆ ಜೋಡಿಸಿ. ಒಂದು ಆಲ್ಬಂ ಹಿಡಿಸಿದರೆ ಆ ಪುಟದಲ್ಲಿ ಅದನ್ನು ಕೊಂಡವರ ಸಣ್ಣ ಚಿತ್ರಗಳಿರುತ್ತವೆ. ಒಂದನ್ನು ಒತ್ತಿದರೆ ಆ ವ್ಯಕ್ತಿ ಕೊಂಡ ಎಲ್ಲ ಆಲ್ಬಂ ಕಾಣುತ್ತದೆ. ಜಾಸ್ತಿ ಕೊಂಡವರ ಸಂಗ್ರಹ ಬೇಡ, ಅದು ಗೋದಾಮು. ನಿಮಗಿಷ್ಟವಾದ ಎರಡು ಸಣ್ಣ ಆಲ್ಬಂಗಳೂ ಯಾರ ಬಳಿ ಇವೆಯೋ ಅವರ ಸಂಗ್ರಹ ನೋಡಿ. ಇಬ್ಬರ ರುಚಿ ಎರಡು ಕಡೆ ಸೇರಿದರೆ ಮೂರನೆಯ ಕಡೆಯೂ ಸೇರುವ ಸಂಭವ ಹೆಚ್ಚು.

ಕೊಳ್ಳುವಾಗ ಪೇಮೆಂಟ್ ಫೇಲ್ ಆಗುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ನಮ್ಮ ಕಾರ್ಡುಗಳಲ್ಲಿ ಅಂತರರಾಷ್ಟ್ರೀಯ ವ್ಯವಹಾರ ಮೊದಲಿನಿಂದ ಬಂದ್ ಆಗಿರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ಆನ್‌ಲೈನ್ ಬಳಕೆಗೆ ತೆರೆದು, ಮಿತಿಯನ್ನು ಆಲ್ಬಂ ಬೆಲೆಗಿಂತ ಸ್ವಲ್ಪ ಮೇಲಿಟ್ಟು, ಕೊಂಡ ಮೇಲೆ ಮತ್ತೆ ಮುಚ್ಚಿ. ವಿದೇಶಿ ವಿನಿಮಯದ ಶುಲ್ಕ ಬೇರೆ ಬೀಳುತ್ತದೆ. ಡಿಜಿಟಲ್ ಮಾರಾಟದಲ್ಲಿ ತಾಣದ ಪಾಲು 15%, ಉಳಿದದ್ದು ಪೇಮೆಂಟ್ ಶುಲ್ಕ ಕಳೆದು ಕಲಾವಿದರಿಗೆ. ಒಮ್ಮೆ ಕೊಂಡರೆ ಎಂಪಿ3, ಫ್ಲ್ಯಾಕ್ ಯಾವುದರಲ್ಲಿ ಬೇಕಾದರೂ ಇಳಿಸಿಕೊಳ್ಳಬಹುದು.

ಶುರುಮಾಡಲು ಎರಡು ಹೆಸರು ಸಾಕು. ಮುಂಬೈನ ಬ್ಲ್ಯಾಕ್‌ಸ್ಟ್ರ್ಯಾಟ್‌ಬ್ಲೂಸ್, ಗಿಟಾರಿನದೇ ಆಲ್ಬಂಗಳು. ಇನ್ನೊಂದು ಇಂಡಸ್ ಕ್ರೀಡ್. ಅವರೇ ಹಿಂದೆ ರಾಕ್ ಮೆಷಿನ್ ಎಂಬ ಹೆಸರಲ್ಲಿ 1988ರಲ್ಲಿ ಆಲ್ಬಂ ತಂದವರು, 2012ರಲ್ಲಿ 'ಇವಾಲ್ವ್'. ಎರಡರ ನಡುವಿನ ಅಂತರದಲ್ಲಿ ನಮ್ಮ ರಾಕ್ ಹೇಗೆ ಬದಲಾಯಿತು ಅನ್ನುವುದು ಕೇಳಿಸುತ್ತದೆ.

ಇನ್ನೊಂದು ಮಾತು, ರೇಟಿಂಗ್ ತಾಣಗಳನ್ನು ಯಾರೂ ಹೇಳಲಿಲ್ಲ. ರೇಟ್‌ಯುವರ್‌ಮ್ಯೂಸಿಕ್‌ನ ಚಾರ್ಟಿನಲ್ಲಿ ದೇಶ, ದಶಕ, ಪ್ರಕಾರ ಹಾಕಿ ಸೋಸಬಹುದು. ಜನಪ್ರಿಯವಲ್ಲದ್ದನ್ನು ಮೇಲೆ ತರುವ ಆಯ್ಕೆಯೂ ಇದೆ. ಹೊಸಬರಿಗೆ ಬಹಳ ಉಪಯೋಗ.

ಠಾಣೆ_ಕ್ಯಾಟಲಾಗ್

ಪಾಶ್ಚಾತ್ಯ ಸಂಗೀತಕ್ಕೆ ಒಪ್ಪಿದೆ. ನಮ್ಮ ಸಂಗೀತಕ್ಕೆ ಆ ಅಂಕಗಳ ಮೇಲೆ ಭಾರ ಹಾಕುವುದನ್ನು ನಾನು ಒಪ್ಪುವುದಿಲ್ಲ. ಒಂದು ಒಳ್ಳೆಯ ಖಯಾಲ್ ಎಲ್‌ಪಿಗೆ ಅಲ್ಲಿ ಅಂಕ ಕೊಟ್ಟವರು ಕೆಲವೇ ಮಂದಿ ಇರುತ್ತಾರೆ. ಅಷ್ಟು ಕಡಿಮೆ ಜನರಲ್ಲಿ ಇಬ್ಬರು ಬೇಸರದಿಂದ ಕಡಿಮೆ ಕೊಟ್ಟರೂ ಸರಾಸರಿ ಕುಸಿಯುತ್ತದೆ. ಭಾವಗೀತೆಯ ಕ್ಯಾಸೆಟ್ಟುಗಳಂತೂ ಹೆಚ್ಚಿನವು 'ದಾಖಲೆಯೇ ಇಲ್ಲ' ಎಂಬ ಸ್ಥಿತಿ. ಅಂಕ ಬಿಟ್ಟು, ಕೆಳಗಿನ ವಿಮರ್ಶೆ ಓದಿ. ಯಾವ ಟ್ರ್ಯಾಕು, ಯಾವ ನಿಮಿಷ ಎಂದು ಹೇಳಿ ಬರೆದ ಒಂದು ಪ್ಯಾರಾ ನೂರು ಅಂಕಕ್ಕೆ ಸಮ.

ಕನ್ನಡದ ಎಳೆ ಬೇಕಾದರೆ ಹೀಗೆ ಹಿಡಿಯಿರಿ. 1978ರ 'ನಿತ್ಯೋತ್ಸವ', ನಿಸಾರ್ ಅಹಮದರ ಕವಿತೆ, ಮೈಸೂರು ಅನಂತಸ್ವಾಮಿಯವರ ಸಂಗೀತ. ಕನ್ನಡ ಸುಗಮ ಸಂಗೀತದ ಮೊದಲ ಕ್ಯಾಸೆಟ್ ಎಂದು ಹೆಸರಾದದ್ದು. ಅಲ್ಲಿಂದ ಹಿಂದಕ್ಕೆ ಪಿ. ಕಾಳಿಂಗರಾಯರು, ಮೋಹನಕುಮಾರಿ–ಸೋಹನಕುಮಾರಿಯರ ಜೊತೆ ಹಾಡಿದ ಮುದ್ರಿಕೆಗಳು. ಮುಂದಕ್ಕೆ ಬಂದರೆ 2008ರ ರಘು ದೀಕ್ಷಿತ್ ಆಲ್ಬಂ, ಅದನ್ನು ತಂದವರು ಮುಂಬೈನ ವಿಶಾಲ್–ಶೇಖರ್. ಈ ಮೂರು ಹಂತದಲ್ಲಿ ಹಾಡಿನ ಉದ್ದ, ವಾದ್ಯದ ಸಂಖ್ಯೆ, ಕವಿತೆಯನ್ನು ಬಿಡಿಸಿ ಹಾಡುವ ರೀತಿ ಹೇಗೆ ಬದಲಾಯಿತೆಂದು ಗಮನಿಸಿ.

ಹೊಸಕಿವಿ_ಡೊಂಬಿವಲಿ

ಹಳೆಯ ಎಲ್‌ಪಿ, ಕ್ಯಾಸೆಟ್ ಕೊಳ್ಳುವುದಾದರೆ ಎಲ್ಲಿ, ಏನು ನೋಡಿ ಕೊಳ್ಳಬೇಕು? ಮಳೆಗಾಲದಲ್ಲಿ ಹಾಳಾಗುತ್ತವೆಯಂತೆ.

ಮಾಟುಂಗಾ_ಎಲ್‌ಪಿ

ಶುರುವಿನಲ್ಲಿ ಕೊಳ್ಳುವ ಅಗತ್ಯ ಏನೂ ಇಲ್ಲ. ಆದರೂ ಕೇಳಿದ್ದೀರಿ, ಹೇಳುತ್ತೇನೆ. ಕಾಳಾ ಘೋಡಾದ ರಿದಮ್ ಹೌಸ್ 2016ರಲ್ಲಿ ಮುಚ್ಚಿತು. ಈಗ ಚೋರ್ ಬಜಾರಿನ ಮಟನ್ ಸ್ಟ್ರೀಟ್, ಮಾಹೀಮ್ ಕಡೆ ವಿನೈಲ್‌ಗೆಂದೇ ಇರುವ ರಿವಾಲ್ವರ್ ಕ್ಲಬ್, ಪುಣೆಯಲ್ಲಿ ಬುಧವಾರ–ಭಾನುವಾರದ ಜುನಾ ಬಜಾರ್. ಪುಣೆಯ ಅಲೂರ್‌ಕರ್ ಮ್ಯೂಸಿಕ್ ಹೌಸ್ ತಾನೇ ಹೊರತಂದ ಶಾಸ್ತ್ರೀಯ ಸಂಗೀತದ ಕ್ಯಾಸೆಟ್ಟುಗಳು ಹಳೆ ಸರಕಿನಲ್ಲಿ ಕಂಡರೆ ಬಿಡಬೇಡಿ.

ಎಲ್‌ಪಿಯನ್ನು ಕಣ್ಣಿನ ಮಟ್ಟಕ್ಕೆ ಅಡ್ಡ ಹಿಡಿದು ಅಂಚು ನೋಡಿ, ಸೊಟ್ಟಗಾಗಿದ್ದರೆ ಕಾಣುತ್ತದೆ. ಬಿಸಿಲಿಗೆ ಓರೆ ಮಾಡಿ ಹಿಡಿದರೆ ಗೀರು ಕಾಣುತ್ತದೆ. ಉಗುರು ಆಡಿಸಿ, ತಡೆಯದ ಗೀರು ಹೆಚ್ಚಾಗಿ ಸದ್ದು ಮಾಡುತ್ತದೆ ಅಷ್ಟೇ. ಉಗುರಿಗೆ ತಡೆಯುವ ಗೀರು ಮುಳ್ಳನ್ನು ಹಾರಿಸುತ್ತದೆ. ಹಳೆಯ ಪ್ಲೇಯರಿನ ಮೊಂಡು ಮುಳ್ಳಿನಿಂದ ಸವೆದ ತಟ್ಟೆ ನೋಡಲು ಹೊಳೆಯುತ್ತಿರುತ್ತದೆ, ಕೇಳಿದರೆ ಏರುದನಿ ಒಡೆಯುತ್ತದೆ. ಆದ್ದರಿಂದ ಮಗ್ಗುಲಿನ ಕೊನೆಯ ಎರಡು ನಿಮಿಷ ಹಚ್ಚಿಸಿ ಕೇಳಿ, ಒಳಸುತ್ತಿನಲ್ಲಿ ಸವೆತ ಮೊದಲು ಕೇಳಿಸುತ್ತದೆ.

ಮಳೆಗಾಲದ ಬೂಷ್ಟು ಹೊದಿಕೆಯ ಕಾಗದದಲ್ಲಿ ಶುರುವಾಗಿ ತಟ್ಟೆಗೆ ಹಬ್ಬುತ್ತದೆ. ಒಳಗಿನ ಕಾಗದದ ಚೀಲ ಬದಲಿಸಿ, ನೆಟ್ಟಗೆ ನಿಲ್ಲಿಸಿಡಿ, ಹೊರಗೋಡೆಗೆ ತಾಗಿಸಬೇಡಿ. ವಿನೈಲ್ ತೊಳೆಯಲು ಡಿಸ್ಟಿಲ್ಡ್ ನೀರಿಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್ ಸೇರಿಸುವುದುಂಟು. ಅದನ್ನೇ 78ಕ್ಕೆ ಹಚ್ಚಿದರೆ ಮುಗಿಯಿತು: ಅದು ಅರಗಿನ ತಟ್ಟೆ, ಆಲ್ಕೋಹಾಲಿಗೆ ಕರಗುತ್ತದೆ. 78ಕ್ಕೆ ಮುಳ್ಳೂ ಬೇರೆ, ಸುಮಾರು 3 ಮಿಲ್ (ಮಿಲ್ ಅಂದರೆ ಇಂಚಿನ ಸಾವಿರದ ಒಂದು ಪಾಲು). ಎಲ್‌ಪಿಯ 0.7 ಮಿಲ್ ಮುಳ್ಳು ಅದರ ಅಗಲ ಗೆರೆಯ ತಳಕ್ಕೆ ಇಳಿದು ಕಸವನ್ನೇ ಓದುತ್ತದೆ.

ಕ್ಯಾಸೆಟ್ಟಿನಲ್ಲಿ ಟೇಪಿನ ಹಿಂದೆ ಸಣ್ಣ ಉಣ್ಣೆಯ ತುಂಡು ಇದೆಯೇ ನೋಡಿ. ಅದು ಉದುರಿದ್ದರೆ ಟೇಪು ಹೆಡ್ಡಿಗೆ ಒತ್ತುವುದಿಲ್ಲ, ದನಿ ಮಂಕಾಗಿ ಬಂದು ಹೋಗಿ ಆಗುತ್ತದೆ. ಸುರುಳಿಯ ಮೇಲೆ ಬಿಳಿ ಚುಕ್ಕೆ ಕಂಡರೆ ಬೂಷ್ಟು, ಹಾಗೆಯೇ ಹಾಕಿದರೆ ನಿಮ್ಮ ಡೆಕ್ಕಿಗೂ, ಮುಂದಿನ ಕ್ಯಾಸೆಟ್ಟಿಗೂ ಅಂಟುತ್ತದೆ. ಚೊಕ್ಕ ಇದ್ದರೂ ಕೇಳುವ ಮೊದಲು ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಓಡಿಸಿ. ವರ್ಷಗಟ್ಟಲೆ ಬಿಗಿದು ಕೂತ ಟೇಪು ಸಡಿಲವಾಗುತ್ತದೆ.

ಕುರ್ಲಾ_ಕರಾವಳಿ

ಟ್ರೈನಿನ ವಿಷಯ ಯಾರೂ ಹೇಳಲಿಲ್ಲ ಅಲ್ಲವಾ. ಲೋಕಲಿನ ಗಡಗಡ ಇರುವುದು ಕೆಳಸ್ವರದಲ್ಲಿ. ಅದೇ ಜಾಗದಲ್ಲಿ ತಂಬೂರಿ, ಡಗ್ಗಾ (ತಬಲಾ ಜೋಡಿಯ ಎಡಗೈ ವಾದ್ಯ), ಬಾಸ್ ಗಿಟಾರ್ ಎಲ್ಲ ಮುಚ್ಚಿ ಹೋಗ್ತದೆ. ಹಾಗಾಗಿ ಬಿಲಂಪತ್ ಖಯಾಲ್, ಧ್ರುಪದದ ಆಲಾಪ ಟ್ರೈನಿಗೆ ಬೇಡ, ರಾತ್ರಿಗೆ ಇಡಿ. ಟ್ರೈನಿಗೆ ಭಾವಗೀತೆ, ಬ್ಯಾಂಡ್, ಅಕಾರ್ಡಿಯನ್, ಸ್ಯಾಕ್ಸೊಫೋನ್. ಕಿವಿಯೊಳಗೆ ಕೂರುವ ಇಯರ್‌ಫೋನಿನ ರಬ್ಬರು ಸರಿಯಾದ ಅಳತೆಯದ್ದು ಹಾಕಿದರೆ ಅರ್ಧ ಗಲಾಟೆ ಹೊರಗೇ ನಿಲ್ತದೆ. ಸಡಿಲ ಇದ್ದರೆ ಬಾಸ್ ಹೋಗ್ತದೆ, ನೀವು ವಾಲ್ಯೂಮ್ ಏರಿಸ್ತಾ ಹೋಗ್ತೀರಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದೊಡ್ಡವರಿಗೆ 80 ಡೆಸಿಬೆಲ್, ವಾರಕ್ಕೆ 40 ಗಂಟೆ. ಸದ್ದು ಏರಿದ ಹಾಗೆ ಗಂಟೆ ಬೇಗ ಬೇಗ ಇಳಿಯುತ್ತದೆ. ಪ್ಲಾಟ್‌ಫಾರ್ಮಿಗೆ ಇಳಿಯುವಾಗ ಒಂದು ಕಿವಿ ತೆಗೆಯಿರಿ.

ಹೊಸಕಿವಿ_ಡೊಂಬಿವಲಿ

ಕೊನೆಯ ಪ್ರಶ್ನೆ. ಹಳೆ ಕ್ಯಾಸೆಟ್ಟು, 78 ಕಂಪ್ಯೂಟರಿಗೆ ಹಾಕಿ ನೆಟ್ಟಿನಲ್ಲಿ ಹಂಚಬಹುದೇ?

ಠಾಣೆ_ಕ್ಯಾಟಲಾಗ್

ಭಾರತದಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ. 1960ರಲ್ಲಿ ಬಂದ ತಟ್ಟೆಯದು 2020ರ ಕೊನೆಗೆ ಮುಗಿದಿದೆ. ಆದರೆ ಸಾಹಿತ್ಯ, ಸಂಗೀತ ರಚನೆಯ ಹಕ್ಕು ಬೇರೆ, ಅದು ರಚಿಸಿದವರು ತೀರಿಕೊಂಡ ಮೇಲೆ 60 ವರ್ಷ. ಪಾರಂಪರಿಕ ಬಂದಿಶಿನ 1950ರ 78ಕ್ಕೆ ತೊಡಕು ಕಡಿಮೆ, 1980ರ ಭಾವಗೀತೆ ಕ್ಯಾಸೆಟ್ಟಿಗೆ ಎರಡೂ ಹಕ್ಕು ಜೀವಂತ, ಹಂಚಬೇಡಿ.

ಕಂಪ್ಯೂಟರಿಗೆ ಹಾಕುವುದಾದರೆ ಆಡಾಸಿಟಿ ಎಂಬ ಧ್ವನಿಮುದ್ರಣ ತಂತ್ರಾಂಶದಲ್ಲಿ 24 ಬಿಟ್, 44.1 ಕಿಲೋಹರ್ಟ್ಸ್. ಎಲ್ಲಕ್ಕಿಂತ ಜೋರಿನ ಜಾಗ ಮೈನಸ್ 6 ಡೆಸಿಬೆಲ್ ದಾಟದ ಹಾಗೆ ಮಟ್ಟ ಇಡಿ, ಒಮ್ಮೆ ಒಡೆದು ಮುದ್ರಣವಾದರೆ ಆಮೇಲೆ ಸರಿಪಡಿಸಲಾಗದು. ಮೂಲವನ್ನು ಫ್ಲ್ಯಾಕ್ ಮಾಡಿ ಮುಟ್ಟದೆ ಇಟ್ಟು, ಸದ್ದು ತೆಗೆಯುವ ಪ್ರಯೋಗ ಪ್ರತಿಯ ಮೇಲೆ ಮಾಡಿ. ಫೈಲಿನ ಹೆಸರಲ್ಲಿ ಕಲಾವಿದರು, ರಾಗ, ಕ್ಯಾಟಲಾಗ್ ಸಂಖ್ಯೆ, ಮಗ್ಗುಲು ನಾಲ್ಕೂ ಇರಲಿ.

ಧಾರವಾಡ_ಟು_ಪುಣೆ

ಹೊಸಕಿವಿಯವರ, ಒಂದು ವಹಿ ಇಡ್ರಿ. ಆಲ್ಬಂಗೆ ಒಂದು ಪುಟ: ಹೆಸರು, ಹಾಡಿದ ವರ್ಷ, ಸಂಖ್ಯೆ, ಸಾಥ್ ಯಾರು, ಮತ್ತ ಕೇಳಬೇಕು ಅನಿಸಿದ ಜಾಗ ಯಾವ ನಿಮಿಷಕ್ಕ ಅದ. ಕೆಳಗ ಒಂದs ಒಂದು ಹೆಸರು ಬರೀರಿ, ಮುಂದ ಯಾರನ್ನ ಹುಡುಕೂದು ಅಂತ. ಎರಡು ಬರದ್ರ ಎರಡೂ ಆಗಂಗಿಲ್ಲ. ಈ ವಾರ ದಸ್ತೂರರಿಂದ ಸುರು ಮಾಡ್ರಿ, ತಬಲಾ ಯಾರದು ಅಂತ ಇಲ್ಲೇ ಬಂದು ಹೇಳ್ರಿ, ಮುಂದಿನ ಕೊಂಡಿ ನಾವು ಹುಡುಕಿ ಕೊಡತೇವಿ.